ಕೇಳಿಸದ ಅರ್ಧ

ಜೂನ್ ೪

ಅಪ್ಪಾ,

ಬಂದು ತಲುಪಿದೆ. ವ್ಯಾನಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ನನಗೇನೂ ಆಗಲಿಲ್ಲ.

ಕೇಂದ್ರ ಒಂದು ಹಳೆಯ ಕಾಲೇಜಿನ ಹಾಗಿದೆ. ಉದ್ದದ ಕಾರಿಡಾರು, ಎರಡೂ ಕಡೆ ಕೋಣೆಗಳು, ಗೋಡೆಗಳಿಗೆ ರಬ್ಬರಿನಂಥದ್ದೇನೋ ಅಂಟಿಸಿದ್ದಾರೆ. ಪಕ್ಕದ ಕೋಣೆಯವರ ಯೋಚನೆ ಅದರಿಂದಾಗಿ ಕೇಳಿಸುವುದಿಲ್ಲವಂತೆ. ಸುಳ್ಳು. ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸುತ್ತದೆ. ನಮ್ಮಂಥ ಕೇಳುವವರು ಎದುರಿಗೆ ಬಂದಾಗ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳಬೇಕೆಂದು ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದಾರೆ. ಕೇಳುವವರನ್ನು ಮಾತ್ರ ಒಬ್ಬರಿಗೊಬ್ಬರು ಎದುರಾಗಲು ಬಿಡುವುದೇ ಇಲ್ಲ. ಬೆಳಗಿನಿಂದ ನನ್ನ ತಲೆ ತುಂಬ ಮಗ್ಗಿಯೇ. ವಾರ್ಡನ್ ಮೇಡಂ ಹದಿನೇಳರ ಮಗ್ಗಿ ಹಿಡಿದಿದ್ದಾರೆ, ಏಳಕ್ಕೆ ಬಂದಾಗಲೆಲ್ಲ ತಪ್ಪುತ್ತಾರೆ. ತಿದ್ದುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಮ್ಮ ಕಾಗದಗಳನ್ನೆಲ್ಲ ಅವರೇ ಓದಿ ಕಳಿಸುತ್ತಾರೆ. ಓದಲಿ. ನೂರಾ ಹತ್ತೊಂಬತ್ತು, ಮೇಡಂ.

ವಾಂತಿ ಮಾಡಿಕೊಂಡವಳೇ ನನ್ನ ಕೋಣೆಗೆ ಬಂದಿದ್ದಾಳೆ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಅವಳಿಗೆ ಏನೂ ಕೇಳಿಸುವುದಿಲ್ಲ, ಆದರೆ ಅವಳು ಹೆದರಿದರೆ ಸುತ್ತಲಿನ ಚಿಕ್ಕ ಸಾಮಾನುಗಳು ತಾವಾಗಿಯೇ ನಡುಗುತ್ತವೆ. ಊಟದ ಮನೆಯಲ್ಲಿ ಅವಳು ಕೂತ ಮೇಜಿನ ಮೇಲೆ ಚಮಚಗಳು ಸುಮ್ಮನಿರುವುದೇ ಇಲ್ಲ.

ಶಾಲೆಯ ಆ ಹುಡುಗಿಯ ಸುದ್ದಿ ಏನಾದರೂ ಇದ್ದರೆ ಬರೆ. ತಾರಸಿಯ ಅಂಚಿನಲ್ಲಿ ನಿಂತು ಅವಳು ಅಂದುಕೊಳ್ಳುತ್ತಿದ್ದುದು ತರಗತಿಯಲ್ಲಿದ್ದ ನನಗೆ ಕೇಳಿಸಿತು, ಓಡಿ ಹೋಗಿ ಹಿಡಿದೆಳೆದೆ. ‘ನಮ್ಮ ಮಗಳ ತಲೆಗೆ ಕೈಹಾಕಿದಳು’ ಎಂದು ಅವಳ ಮನೆಯವರು ದೂರು ಕೊಟ್ಟರು, ನಾವು ಮುಚ್ಚಿಟ್ಟಿದ್ದ ನನ್ನ ಕಿವಿಯ ಗುಟ್ಟು ಹೊರಬಿತ್ತು. ಬೀಳಲಿ ಬಿಡು. ಅವಳು ಬದುಕಿದ್ದಾಳಲ್ಲ.

ಒಂದು ವರ್ಷ ತಾನೇ. ಕಳೆದುಹೋಗುತ್ತದೆ.

ನಿನ್ನ,
ಮರಿ

*

ಜೂನ್ ೧೫

ಮಗಳಿಗೆ,

ನಾವಿಲ್ಲಿ ಇದ್ದ ಹಾಗೇ ಇದ್ದೇವೆ. ನಿನ್ನ ಕಾಗದ ಸೇರಿತು.

ಮಾರುಕಟ್ಟೆ ಕಟ್ಟಡದ ಲಿಫ್ಟು ಮತ್ತೆ ಎರಡು ಮಹಡಿಗಳ ನಡುವೆ ನಿಂತಿತ್ತು. ಕೇಬಲ್ ಸರಿಯಿದೆ, ಬಾಗಿಲಿನ ಸ್ವಿಚ್ಚಿನದೇ ಕಾಟ. ಒಳಗೆ ಸಿಕ್ಕಿಕೊಂಡವರು ರಿಪೇರಿಗೆ ಹೋದ ನಾನೇ ನಿಲ್ಲಿಸಿದೆನೇನೋ ಎಂಬಂತೆ ಬೈದರು.

ಅಜ್ಜಿಯದು ಕಷ್ಟವಾಗಿದೆ. ಲಕ್ವ ಹೊಡೆದು ಮಾತು ನಿಂತ ಮೇಲೆ ನೀನೇ ಅವಳ ಬಾಯಿಯಾಗಿದ್ದೆ. ಅಜ್ಜಿಗೆ ಫ್ಯಾನು ಬೇಡವಂತೆ, ದಿಂಬು ಚುಚ್ಚುತ್ತದಂತೆ ಎಂದು ನೀನು ಹೇಳುತ್ತಿದ್ದೆ, ನಾನು ಮಾಡುತ್ತಿದ್ದೆ. ಈಗ ಸ್ನಾನಕ್ಕೆ ಕೂರಿಸಿದರೆ ತಂಬಿಗೆ ಕಿತ್ತು ಎಸೆಯುತ್ತಾಳೆ. ನೀರು ಬಿಸಿ ಮಾಡಿ ನೋಡಿದೆ, ತಣ್ಣಗೆ ಮಾಡಿ ನೋಡಿದೆ. ಏನು ಬೇಕಮ್ಮ ಎಂದರೆ ಮುಖ ತಿರುಗಿಸಿಕೊಂಡು ಅಳುತ್ತಾಳೆ. ಅವಳಿಗೆ ಏನಾಗುತ್ತಿದೆ ಎಂದು ನಿನಗೆ ಗೊತ್ತಿದ್ದರೆ ಬರೆ.

ಶಾಲೆಯ ಕಡೆ ನಾನು ಹೋಗಿಲ್ಲ.

ಇತಿ,
ನಿನ್ನ ತಂದೆ

*

ಜೂನ್ ೨೭

ಅಪ್ಪಾ,

ಅಜ್ಜಿ ಮಾತಿನಲ್ಲಿ ಯೋಚಿಸುವುದಿಲ್ಲ. ಬಾಯಿಂದ ಹೋದ ಮಾತು ತಲೆಯಿಂದಲೂ ಹೋಗಿದೆ. ಬಣ್ಣ ಮಾಸಿದ ಚಿತ್ರಗಳು ಬರುತ್ತವೆ, ಬಿಸಿ, ತಂಪು, ಭಯ, ನಾಚಿಕೆ ಬರುತ್ತವೆ. ನೀರಿನದೇನೂ ತಪ್ಪಿಲ್ಲ ಅಪ್ಪಾ. ನೀನು ಮಗ, ಅದೇ ಕಷ್ಟ. ಇಷ್ಟು ದಿನ ನಾನು ಸ್ನಾನ ಮಾಡಿಸುತ್ತಿದ್ದೆ, ಅದಕ್ಕೇ ಈ ಗಲಾಟೆ ಇರಲಿಲ್ಲ. ಯಾರಾದರೂ ಹೆಂಗಸನ್ನು ಗೊತ್ತು ಮಾಡು. ನೀನು ಆ ಹೊತ್ತಿಗೆ ಮನೆಯಲ್ಲೇ ಇರಬೇಡ, ಹಾಲು ತರಲಿಕ್ಕೆ ಹೋಗು.

ಇನ್ನು ನಿನ್ನ ವಿಷಯ. ನಿನ್ನ ಕಾಗದ ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಮನೆಯಲ್ಲಿ ನಿನ್ನ ಬಾಯಿ ಎಂದೂ ಮಾತಾಡಿದ್ದಿಲ್ಲ, ನಿನ್ನ ತಲೆ ಸುಮ್ಮನಿದ್ದದ್ದಿಲ್ಲ. ಬ್ರಶ್ ಮಾಡುವಾಗಿಂದ ಹಿಡಿದು ಬೂಟಿನ ಲೇಸು ಕಟ್ಟುವವರೆಗೂ ಒಂದೇ ಸಮನೆ ವಟವಟ. ಸ್ವಿಚ್ಚು, ಸ್ಪ್ರಿಂಗು, ಮೇಸ್ತ್ರಿಯ ಮೇಲೆ ಕೋಪ, ನನ್ನ ಜಡೆ ಓರೆಯಾಗಿದೆ ಎಂಬ ಚಿಂತೆ. ಅದನ್ನು ಕೇಳುತ್ತಾ ಬೆಳೆದವಳು ನಾನು. ಕಾಗದಕ್ಕೆ ಬರೀ ಬಾಯಿ ಬಂದಿದೆ, ತಲೆ ಮನೆಯಲ್ಲೇ ಉಳಿದಿದೆ. ಕಾಗದ ಎಷ್ಟು ತಿರುಗಿಸಿದರೂ ಏನೂ ಕೇಳಿಸುವುದಿಲ್ಲ. ಬೇರೆಯವರು ಹೀಗೇ ಬದುಕುತ್ತಾರಾ?

ಗೇಟಿನ ಹತ್ತಿರ ವ್ಯಾನು ಹೊರಟಾಗ ನಿನ್ನ ಮನಸ್ಸಿಗೆ ಏನನ್ನಿಸಿತು ಎಂಬುದು ನನಗೆ ಕೇಳಿಸಿದೆ. ಅದರ ಬಗ್ಗೆ ಬರೆಯುವುದಿಲ್ಲ.

ಮರಿ

*

ಜುಲೈ ೧೪

ಮಗಳಿಗೆ,

ನೀನು ಹೇಳಿದ್ದು ಸರಿ. ಅಕ್ಕತಂಗಿಯರಿಲ್ಲದ ಒಬ್ಬನೇ ಮಗ ನಾನು. ನಿನ್ನ ಅಮ್ಮ ನಿನ್ನ ಕಿವಿಗೆ ಹೆದರಿ ತವರಿಗೆ ಹೋದವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ಯಾರನ್ನು ಕರೆಯಲಿ? ಕೊನೆಗೆ ಕೆಳಗಿನ ಮನೆಯ ನರ್ಸಮ್ಮನ ಬಾಗಿಲು ತಟ್ಟಿದೆ. ಶಾಲೆಯ ಗಲಾಟೆಯಾದಾಗಿನಿಂದ ಮೆಟ್ಟಿಲಲ್ಲಿ ಎದುರಾದರೂ ಮಾತಾಡದೆ ಹೋಗುತ್ತಿದ್ದರು. ಬಾಗಿಲನ್ನು ಒಂದು ಗೇಣು ತೆರೆದು ನನ್ನ ಬೆನ್ನ ಹಿಂದೆ ನೋಡಿದರು.

“ಮಗಳು ಇಲ್ಲ ತಾನೆ?”

“ಇಲ್ಲ.”

“ಹಾಗಾದ್ರೆ ಬರ್ತೀನಿ, ನಡೀರಿ.”

ನನಗೆ ಮೈಯೆಲ್ಲ ಉರಿಯಿತು. ಆದರೂ ಹಾಲು ತರಲು ಹೋದೆ. ವಾಪಸು ಬರುವಷ್ಟರಲ್ಲಿ ಅಜ್ಜಿ ತಲೆ ಒಣಗಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನರ್ಸಮ್ಮ ಅವಳ ಉಗುರು ಕತ್ತರಿಸುತ್ತಿದ್ದರು. ಈಗ ದಿನ ಬಿಟ್ಟು ದಿನ ಬರುತ್ತಾರೆ. ಕೆಟ್ಟವರಲ್ಲ. ಅವರಿಗೂ ಒಳಗೊಳಗೆ ಏನೇನಿದೆಯೋ, ನಿನ್ನ ಎದುರಿಗೆ ಬರಲು ಅಂಜಿಕೆ.

ಗೇಟಿನ ಹತ್ತಿರದ ವಿಷಯ. ನಿನಗೆ ಕೇಳಿಸಿದೆ ಎಂದ ಮೇಲೆ ಇಲ್ಲ ಎಂದರೆ ಪ್ರಯೋಜನವಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ತಲೆ ನನ್ನದೇ ಆಯಿತು, ಹಗುರವಾಯಿತು ಅನ್ನಿಸಿದ್ದು ಹೌದು. ಆದರೆ ವ್ಯಾನು ತಿರುವಿನಲ್ಲಿ ಮರೆಯಾಯಿತು, ನಿನ್ನ ಕಿವಿಗೆ ನಾನು ಎಟುಕದೆ ಹೋದೆ. ನೀನು ಅರ್ಧ ಕೇಳಿಸಿಕೊಂಡು ಹೋಗಿದ್ದೀಯ. ಮಿಕ್ಕರ್ಧವನ್ನು ಬರೆಯಲು ನಾಲ್ಕು ಹಾಳೆ ಹರಿದುಹಾಕಿದೆ. ನನಗೆ ಬರುವುದಿಲ್ಲ ಮರಿ.

ಇತಿ,
ಅಪ್ಪ

*

ಆಗಸ್ಟ್ ೯

ಅಪ್ಪಾ,

ನನಗೆ ಕೆಲಸ ಕೊಟ್ಟಿದ್ದಾರೆ. ಎಲ್ಲವನ್ನೂ ಬರೆಯುವಂತಿಲ್ಲ. ಒಂದು ಕೋಣೆಯಲ್ಲಿ ಯಾರನ್ನೋ ಕೂರಿಸಿ ಅಧಿಕಾರಿ ಪ್ರಶ್ನೆ ಕೇಳುತ್ತಾರೆ. ಮರದ ಪರದೆಯ ಈಚೆ ನಾನು ಕೂತಿರುತ್ತೇನೆ. ಅವರು ಹೇಳಿದ್ದಕ್ಕೂ ಅಂದುಕೊಂಡದ್ದಕ್ಕೂ ವ್ಯತ್ಯಾಸವಿದ್ದರೆ ಆಮೇಲೆ ಹೇಳಬೇಕು.

ಹೋದ ವಾರ ಒಂದು ಮಗು ಸಿಕ್ಕಿತು. ತಂದೆತಾಯಿಯ ಜಗಳದಲ್ಲಿ ಚಿಕ್ಕಪ್ಪ ಎತ್ತಿಕೊಂಡು ಹೋಗಿ ಎಲ್ಲೋ ಬಚ್ಚಿಟ್ಟಿದ್ದ, ಬಾಯಿ ಬಿಡುತ್ತಿರಲಿಲ್ಲ. ಅವನು ತಲೆಯಲ್ಲಿ ಹಸಿರು ಗೇಟಿನ ಮನೆಯೊಂದನ್ನು ಮತ್ತೆ ಮತ್ತೆ ನೋಡುತ್ತಿದ್ದ. ನಾನು ಹೇಳಿದೆ, ಸಂಜೆಯೊಳಗೆ ಮಗುವನ್ನು ಕರೆತಂದರು. ಅಧಿಕಾರಿ ನನ್ನ ಕೈಕುಲುಕಿದರು. ನನ್ನನ್ನು ಮುಟ್ಟಲು ಹಿಂಜರಿಯದ ಮೊದಲ ಹೊರಗಿನ ಮನುಷ್ಯ ಅವರು, ಗೊತ್ತಾ? ಮೇಡಂ ಕೂಡ ಈಗ ಹದಿನೇಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳುತ್ತಾರೆ.

ಕಿಟಕಿ ಇರುವ ಕೋಣೆ ಕೊಡುತ್ತೇವೆ ಎಂದರು. ಗುಬ್ಬಿಯನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅದಕ್ಕೇ ಇಬ್ಬರಿಗೂ ಕೊಟ್ಟಿದ್ದಾರೆ. ಅವಳು ಪರೀಕ್ಷೆಗಳಲ್ಲಿ ನಪಾಸಾಗುತ್ತಲೇ ಇದ್ದಾಳೆ. ಚಮಚ ನಡುಗಿಸುವುದರಿಂದ ಯಾರಿಗೆ ಏನು ಉಪಯೋಗ? ಉಪಯೋಗವಿಲ್ಲದವರನ್ನು ಮನೆಗೆ ಕಳಿಸುತ್ತಾರೆ.

ನಾನು ಚೆನ್ನಾಗಿದ್ದೇನೆ. ನಿಜವಾಗಿಯೂ.

ಮರಿ

*

ಆಗಸ್ಟ್ ೩೦

ಮಗಳಿಗೆ,

ರಜೆ ಹಾಕಿ ಕೇಂದ್ರದ ನಗರ ಕಚೇರಿಗೆ ಹೋಗಿದ್ದೆ. ನೀನು ಮುಂದಿನ ಜೂನಿಗೆ ಬರುತ್ತೀಯಲ್ಲ, ಕಾಲೇಜಿಗೆ ಸೇರಿಸಲು ಏನೇನು ಬೇಕು ಎಂದು ವಿಚಾರಿಸಲು. ಅಲ್ಲಿದ್ದವರು ನಗುತ್ತಾ ನನಗೆ ಅಭಿನಂದನೆ ಹೇಳಿದರು. ನಿಮ್ಮ ಮಗಳು ಬಹಳ ಉಪಯುಕ್ತಳು, ಇಪ್ಪತ್ತೈದು ತುಂಬುವವರೆಗೆ ಇಲ್ಲೇ ಇರುತ್ತಾಳೆ ಎಂದರು. ಅವಳು ಒಪ್ಪಿದ್ದಾಳಾ ಎಂದೆ. ಹದಿನೆಂಟು ತುಂಬಿದ ದಿನವೇ ಸಹಿ ಹಾಕಿದ್ದಾಳೆ ಎಂದರು.

ಹಾಕಿದ್ದೀಯಾ?

ಕಚೇರಿಯ ಲಿಫ್ಟು ಕರಕರ ಸದ್ದು ಮಾಡುತ್ತಿತ್ತು. ಬೇರೆ ದಿನವಾಗಿದ್ದರೆ ಯಾರಿಗಾದರೂ ಹೇಳಿ ಬರುತ್ತಿದ್ದೆ. ಅವತ್ತು ಮೆಟ್ಟಿಲಿಳಿದು ಬಂದುಬಿಟ್ಟೆ.

ಅಜ್ಜಿ ಊಟ ಕಡಿಮೆ ಮಾಡಿದ್ದಾಳೆ.

ಅಪ್ಪ

*

ಸೆಪ್ಟೆಂಬರ್ ೮

ಅಪ್ಪಾ,

ಹಾಕಿದ್ದೇನೆ. ಹಾಕದೆ ಏನು ಮಾಡಲಿ? ಅಲ್ಲಿ ನನಗೇನಿದೆ? ಒಂದಾದ ಮೇಲೊಂದು ಮೂರು ಮನೆ ಬದಲಾಯಿಸಿದೆವು. ಪ್ರತಿ ಸಲವೂ ನೀನು ಕಾರಣ ಹೇಳಲಿಲ್ಲ, ಆದರೆ ಸಾಮಾನು ಕಟ್ಟುವಾಗ ನಿನ್ನ ತಲೆಯಲ್ಲಿ ನನ್ನ ಮುಖವೇ ಇರುತ್ತಿತ್ತು. ಇವಳಿಂದಾಗಿ, ಇವಳಿಂದಾಗಿ. ಬಸ್ಸಿನಲ್ಲಿ ನಾನು ಕೂತರೆ ಪಕ್ಕದವರು ಎದ್ದು ಹೋಗುತ್ತಾರೆ. ನರ್ಸಮ್ಮ ನಾನಿಲ್ಲ ಎಂದು ಖಾತ್ರಿ ಮಾಡಿಕೊಂಡು ಮನೆಯೊಳಗೆ ಕಾಲಿಡುತ್ತಾರೆ, ನೀನು ಅವರು ಕೆಟ್ಟವರಲ್ಲ ಎಂದು ನನಗೇ ಬರೆಯುತ್ತೀಯ.

ಇಲ್ಲಿ ನಾನು ಬೇಕಾದವಳು. ನಿನ್ನ ತಲೆಯೂ ಹಗುರವಾಗಿದೆ. ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ.

ಮಗಳು

*

ಅಕ್ಟೋಬರ್ ೫

ಮರಿ,

ನಿನ್ನ ಕೋಪದ ಕಾಗದಕ್ಕೆ ಉತ್ತರ ಬರೆದೆ. ಅದಾದ ಮೇಲೆ ಇನ್ನೊಂದು ಬರೆದೆ. ಒಂದಕ್ಕೂ ನಿನ್ನಿಂದ ಮಾತಿಲ್ಲ. ಸೇರಿದವೋ ಇಲ್ಲವೋ ತಿಳಿಯದು.

ಅಜ್ಜಿ ಹೋದಳು. ಕಳೆದ ಸೋಮವಾರ, ಬೆಳಗಿನ ಹೊತ್ತು. ಕೇಂದ್ರಕ್ಕೆ ಆಗಲೇ ಫೋನು ಮಾಡಿ ಹೇಳಿದ್ದೆ, ಮಗಳನ್ನು ಒಂದು ದಿನಕ್ಕಾದರೂ ಕಳಿಸಿ ಎಂದು ಬೇಡಿಕೊಂಡೆ. ತಿಳಿಸುತ್ತೇವೆ ಎಂದರು. ನಾಲ್ಕು ಜನರೊಂದಿಗೆ ಬಾಗಿಲಲ್ಲಿ ನಿಂತು ನಿನ್ನ ದಾರಿ ನೋಡಿದೆ. ಆಮೇಲೆ ಹೊತ್ತಾಯಿತು.

ಕೊನೆಯ ದಿನಗಳಲ್ಲಿ ಏನು ಬೇಕಮ್ಮ, ಏನು ಬೇಕು ಎಂದು ನಾನು ಅವಳ ಪ್ರಾಣ ತಿನ್ನುತ್ತಿದ್ದೆ. ಒಂದು ಮಧ್ಯಾಹ್ನ ಸಾಕಾಗಿ, ಕೇಳುವುದನ್ನು ಬಿಟ್ಟು ಅವಳ ಮಂಚದ ಪಕ್ಕ ಸುಮ್ಮನೆ ಕೂತೆ. ಅವಳು ನನ್ನ ಶರ್ಟಿನ ಗುಂಡಿ ಹಿಡಿದುಕೊಂಡು ನಿದ್ದೆ ಹೋದಳು. ಅಷ್ಟೇ ಬೇಕಿತ್ತೋ ಏನೋ. ನೀನಿದ್ದಿದ್ದರೆ ಕೇಳಬಹುದಿತ್ತು.

ಅಪ್ಪ

*

ಅಕ್ಟೋಬರ್ ೨೬

ಅಪ್ಪಾ,

ಇದನ್ನು ತಂದುಕೊಟ್ಟವಳು ಗುಬ್ಬಿ. ಅವಳನ್ನು ಮನೆಗೆ ಕಳಿಸುತ್ತಿದ್ದಾರೆ, ನಮ್ಮ ಊರಿನ ಮೇಲೇ ಹೋಗುತ್ತಾಳೆ. ಮೇಡಂ ಓದದೆ ಹೊರಗೆ ಹೋಗುತ್ತಿರುವ ನನ್ನ ಮೊದಲ ಕಾಗದ ಇದು. ಓದಿ ಸುಟ್ಟುಬಿಡು. ಅವಳಿಗೆ ಊಟ ಹಾಕು, ಗಾಜಿನ ಲೋಟ ಮಾತ್ರ ಕೊಡಬೇಡ.

ನಿನ್ನ ಕಾಗದಗಳನ್ನು ನನಗೆ ಕೊಟ್ಟದ್ದು ಮೊನ್ನೆ, ಎಲ್ಲವನ್ನೂ ಒಟ್ಟಿಗೆ. ಅದಕ್ಕೂ ಮುಂಚೆಯೇ ನನಗೆ ಗೊತ್ತಿತ್ತು. ಕಾರಿಡಾರಿನಲ್ಲಿ ಮೇಡಂ ಎದುರಾದರು. ಹದಿನೇಳರ ಮಗ್ಗಿಯ ಕೆಳಗೆ, ನೀರಿನಡಿ ಬಿದ್ದ ಕಲ್ಲಿನ ಹಾಗೆ, ‘ಇವಳಜ್ಜಿ ಸತ್ತದ್ದು ವಿಚಾರಣೆ ಮುಗಿಯುವವರೆಗೆ ಗೊತ್ತಾಗಬಾರದು’ ಎಂಬುದು ಕೂತಿತ್ತು. ನಾನು ನಮಸ್ಕಾರ ಹೇಳಿ ಮುಂದೆ ಹೋದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ವಿಚಾರಣೆ ಯಾರದು ಎಂದು ಹೇಳುತ್ತೇನೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸು. ಅವಳ ಮಗಳು ಒಂಬತ್ತು ವರ್ಷದವಳು, ನನ್ನ ಹಾಗೆಯೇ ಕೇಳುವವಳು. ನೋಂದಣಿ ಮಾಡಿಸದೆ ಬಚ್ಚಿಟ್ಟಿದ್ದಾಳೆ. ಈಗ ಅಷ್ಟು ಚಿಕ್ಕವರನ್ನೂ ಕರೆತರುತ್ತಿದ್ದಾರೆ ಅಪ್ಪಾ, ಬೇಗ ಕಲಿಯುತ್ತಾರಂತೆ. ಮಗಳು ನೆಂಟರ ಮನೆಯಲ್ಲಿದ್ದಾಳೆ ಎಂದು ಹೆಂಗಸು ಬಾಯಲ್ಲಿ ಹೇಳುತ್ತಿದ್ದಳು. ಯಾರೋ ಹೇಳಿಕೊಟ್ಟಿರಬೇಕು, ಮನಸ್ಸಿನಲ್ಲಿ ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಎಂದು ಏದುಸಿರು ಬಿಡುತ್ತಾ ಮಗ್ಗಿ ಹೇಳುತ್ತಿದ್ದಳು. ಅದರ ಸಂದಿನಲ್ಲಿ ಎಲ್ಲವೂ ಕಾಣುತ್ತಿತ್ತು. ಸೈಕಲ್ ಅಂಗಡಿ, ಅದರ ಮೇಲಿನ ಕೋಣೆ, ಎಳೆದ ಪರದೆ, ಸದ್ದಾಗದ ಹಾಗೆ ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಹುಡುಗಿ. ಬೀದಿಯ ಹೆಸರೂ ಸಿಕ್ಕಿತು.

ಇನ್ನೂ ಒಂದಿತ್ತು. ‘ಒಂದೇ ಒಂದು ಮಧ್ಯಾಹ್ನ ನನ್ನ ತಲೆ ನನ್ನದಾಗಿರಬಾರದೇ’ ಎಂಬ ದಣಿವು. ನಿನ್ನದೇ ದಣಿವು, ಥೇಟ್ ಹಾಗೇ. ಅದೇ ಉಸಿರಿನಲ್ಲಿ, ಅದಕ್ಕೇ ಅಂಟಿಕೊಂಡು, ‘ಅವಳನ್ನು ಕರೆದುಕೊಂಡು ಹೋದರೆ ನಾನು ಉಳಿಯುವುದಿಲ್ಲ’ ಎಂಬುದೂ ಇತ್ತು. ಎರಡರ ನಡುವೆ ಕೂದಲಷ್ಟೂ ಜಾಗವಿರಲಿಲ್ಲ. ನೀನು ಹಾಳೆ ಹರಿದುಹಾಕಿ ಬರೆಯಲಾರದೆ ಹೋದದ್ದು ಇದೇ ಅಲ್ಲವೇ? ಮೂರು ಮನೆ ಬದಲಾಯಿಸಿದ್ದು ನಾಚಿಕೆಗಲ್ಲ. ನೀನೂ ನನ್ನನ್ನು ಬಚ್ಚಿಡುತ್ತಿದ್ದೆ. ನಾನು ಪರೀಕ್ಷೆಯ ಚಿಂತೆಯಲ್ಲಿ, ನನ್ನ ಮೇಲೆ ನನಗಿದ್ದ ಮರುಕದಲ್ಲಿ, ಮೇಲಿನ ಪದರವನ್ನಷ್ಟೇ ಕೇಳಿಸಿಕೊಂಡು ಬೆಳೆದೆ.

ಅಧಿಕಾರಿ ಪರದೆಯ ಈಚೆ ಬಂದು, “ಮಗು ಎಲ್ಲಿದೆ?” ಎಂದರು.

“ಮಗ್ಗಿ ಬಿಟ್ಟು ಇನ್ನೇನೂ ಕೇಳಿಸ್ತಿಲ್ಲ.”

“ಅದರ ಹಿಂದೆ?”

“ತಲೆ ನೋಯ್ತಿದೆ ಸರ್. ಈಗೀಗ ಏನೂ ಕೇಳಿಸ್ತಿಲ್ಲ.”

ಅವರು ನಂಬಲಿಲ್ಲ. ಸಾಕ್ಷಿಯಿಲ್ಲದೆ ಹೆಂಗಸನ್ನು ಇಟ್ಟುಕೊಳ್ಳುವಂತಿಲ್ಲ, ಬಿಟ್ಟಿದ್ದಾರೆ. ಈಗ ಪರೀಕ್ಷೆ ನನಗೆ. ದಿನವೂ ಯಾರನ್ನೋ ಎದುರಿಗೆ ಕೂರಿಸಿ ಚಿತ್ರ ತೋರಿಸುತ್ತಾರೆ, ಅವರ ಮನಸ್ಸಿನಲ್ಲಿರುವುದನ್ನು ನಾನು ಹೇಳಬೇಕು. ಎಲ್ಲವನ್ನೂ ತಪ್ಪು ಹೇಳಿದರೆ ಅನುಮಾನ ಬರುತ್ತದೆ. ಆನೆಯನ್ನು ಎಮ್ಮೆ ಎನ್ನುತ್ತೇನೆ, ದೋಣಿಯನ್ನು ಮನೆ ಎನ್ನುತ್ತೇನೆ, ನಡುವೆ ಒಂದನ್ನು ಸರಿ ಹೇಳುತ್ತೇನೆ. ಸಿಕ್ಕಿಬಿದ್ದರೆ ಇಲ್ಲಿಂದ ಹೊರಗೆ ಬರುವ ಮಾತೇ ಇಲ್ಲ. ನಿದ್ದೆ ಬರುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ.

ಅಜ್ಜಿಗೆ ಅಷ್ಟೇ ಬೇಕಿತ್ತು ಅಪ್ಪಾ. ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ಮರಿ

*

ನವೆಂಬರ್ ೧೧

ಚಿ. ಮಗಳಿಗೆ ತಂದೆಯ ಆಶೀರ್ವಾದ.

ನಿನಗೆ ತಲೆನೋವು ಎಂದು ಕೇಂದ್ರದಿಂದ ತಿಳಿಸಿದ್ದಾರೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಿನ್ನ ದೊಡ್ಡ ಅತ್ತೆಗೂ, ಅಂದರೆ ನನ್ನ ಅಕ್ಕನಿಗೂ, ಇದೇ ಆಗಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಎಲ್ಲರ ಮನಸ್ಸೂ ಕೇಳಿಸುತ್ತಿತ್ತು. ಹದಿನೆಂಟು ತುಂಬಿದ್ದೇ ತಲೆನೋವು ಶುರುವಾಗಿ, ಎರಡು ಮೂರು ತಿಂಗಳಲ್ಲಿ ಪೂರ್ತಿ ನಿಂತುಹೋಯಿತು. ಮತ್ತೆ ಬರಲೇ ಇಲ್ಲ. ಆಮೇಲೆ ಮದುವೆಯಾಗಿ ಗಂಡನ ಮನಸ್ಸಿನಲ್ಲಿ ಏನಿದೆ ಎಂದು ಎಲ್ಲರ ಹಾಗೆ ಕಡೆಯವರೆಗೂ ತಿಳಿಯದೆ ಸುಖವಾಗಿದ್ದಳು. ಇದು ನಮ್ಮ ವಂಶದಲ್ಲೇ ಇದೆ. ಹಿರಿಯರು ಯಾರಾದರೂ ಕೇಳಿದರೆ ಈ ವಿಷಯ ತಿಳಿಸು.

ಮೊನ್ನೆ ಅಡುಗೆಮನೆಯ ಪಾತ್ರೆಗಳೆಲ್ಲ ಗಲಗಲ ಅಂದವು. ಗಾಳಿ ಇರಬೇಕು. ಒಲೆ ಚೆನ್ನಾಗಿ ಉರಿಯುತ್ತಿದೆ.

ನನ್ನ ಆರೋಗ್ಯ ಸುಮಾರು. ನೋಡಿಕೊಳ್ಳುವವರಿಲ್ಲ ಎಂದು ಕೇಂದ್ರಕ್ಕೆ ಅರ್ಜಿ ಬರೆದಿದ್ದೇನೆ.

ನಿನ್ನ ತಂದೆ

*

ಡಿಸೆಂಬರ್ ೧೯

ಅಪ್ಪಾ,

ಬಿಟ್ಟರು. ‘ಶಕ್ತಿ ನಷ್ಟವಾಗಿದೆ’ ಎಂದು ಬರೆದು ಮೊಹರು ಹಾಕಿ ಕೊಟ್ಟಿದ್ದಾರೆ. ಹುಟ್ಟದೇ ಇದ್ದ ನನ್ನ ಅತ್ತೆಗೆ ದೊಡ್ಡ ನಮಸ್ಕಾರ. ನಿನ್ನ ಕಾಗದವನ್ನು ಮೇಡಂ ವೈದ್ಯರ ಮುಂದೆ ಗಟ್ಟಿಯಾಗಿ ಓದಿದರು. ಗಂಡನ ಮನಸ್ಸಿನ ಮಾತು ಬಂದಾಗ ವೈದ್ಯರು ತಮ್ಮ ಹೆಂಡತಿಯನ್ನು ನೆನೆದರು, ನಾನು ಗೋಡೆ ನೋಡುತ್ತಾ ಕೂತೆ. ಇಷ್ಟು ವರ್ಷ ನಿನಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದೆ. ಎಂಥ ಸುಳ್ಳುಗಾರ ನೀನು!

ಗೇಟಿನವರೆಗೆ ಬಂದದ್ದು ಮೇಡಂ. ಅವರ ತಲೆಯಲ್ಲಿ ಮಗ್ಗಿ ಇರಲಿಲ್ಲ. ನಾನು ನಟಿಸಿದ್ದು ಅವರಿಗೆ ಗೊತ್ತಿತ್ತು, ಅಕ್ಕತಂಗಿಯರಿಲ್ಲ ಎಂದು ನೀನು ಬರೆದ ಕಾಗದವನ್ನೂ ಓದಿದವರು ಅವರೇ ತಾನೇ. ಗೊತ್ತಿದೆ ಎಂಬುದು ನನಗೆ ಕೇಳಿಸಲಿ ಎಂದೇ ಸುಮ್ಮನೆ ನಿಂತಿದ್ದರು. “ಹುಷಾರಾಗಿ ಹೋಗು” ಎಂದರು. ನಮಸ್ಕಾರ ಮಾಡಿ ಬಂದೆ.

ನೇರವಾಗಿ ಮನೆಗೆ ಬರಲಿಲ್ಲ, ಬೈಯಬೇಡ. ಯಾರಾದರೂ ಹಿಂದೆ ಬಿದ್ದಿದ್ದಾರೇನೋ ಎಂದು ಬಸ್ಸು ಬದಲಾಯಿಸಿ ಬದಲಾಯಿಸಿ ಸೈಕಲ್ ಅಂಗಡಿಯ ಬೀದಿಗೆ ಬಂದೆ. ಇದನ್ನು ಬರೆಯುತ್ತಿರುವುದು ಅದರ ಮೇಲಿನ ಕೋಣೆಯಿಂದ. ಹೆಂಗಸು ಬಾಗಿಲು ತೆರೆಯಲೇ ಇಲ್ಲ, ನಾನು ಯಾರು ಏನು ಎಂದು ಹೊರಗಿಂದಲೇ ಹೇಳುತ್ತಾ ನಿಂತಿದ್ದೆ. ಕೊನೆಗೆ ಚಿಲಕ ತೆಗೆದದ್ದು ಮಗಳು. ಮುಂದಿನ ಹಲ್ಲು ಒಂದು ಬಿದ್ದಿದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತನ್ನ ಅಮ್ಮನ ಕಡೆ ತಿರುಗಿದಳು.

“ಇವರು ನಿಜ ಹೇಳ್ತಿದಾರೆ ಅಮ್ಮ. ಇವರಿಗೆ ನಮ್ಮನ್ನ ನೋಡೋಕಿಂತ ಜಾಸ್ತಿ ಅವರ ಮನೆಗೆ ಹೋಗ್ಬೇಕು ಅಂತಿದೆ. ಹೋಗೋಕೆ ಭಯ, ಅದಕ್ಕೆ ಮೊದಲು ಇಲ್ಲಿಗೆ ಬಂದಿದಾರೆ.”

ನನ್ನ ತಲೆಯೊಳಗೆ ಇನ್ನೊಬ್ಬರು ಬಂದು ನಿಂತದ್ದು ಅದೇ ಮೊದಲು. ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. ಮೆಟ್ಟಿಲಿಳಿದು ಓಡಿಬಿಡೋಣ ಅನ್ನಿಸಿತು, ಅದೂ ಅವಳಿಗೆ ಕೇಳಿಸಿತು, ಅವಳ ಮುಖ ಸಣ್ಣದಾಯಿತು. ಆ ಮುಖವನ್ನು ನೀನು ಎಷ್ಟು ಸಲ ನೋಡಿದ್ದೀಯೋ ಅಪ್ಪಾ. ನೋಡಿಯೂ ದಿನಾ ಬೆಳಿಗ್ಗೆ ಎದ್ದು ನನ್ನ ಜಡೆ ಹಾಕುತ್ತಿದ್ದೆ. ನಾನು ಒಳಗೆ ಹೋಗಿ ಅವಳ ಪಕ್ಕ ಕೂತೆ.

ಇಲ್ಲಿ ಇವರು ಇನ್ನು ಇರುವಂತಿಲ್ಲ. ವಿಳಾಸ ನನಗೆ ಕೇಳಿಸಿದ್ದು ನಾಳೆ ಇನ್ನೊಬ್ಬರಿಗೂ ಕೇಳಿಸುತ್ತದೆ. ಎಲ್ಲಿಗೆ ಹೋಗುವುದು, ಎಷ್ಟು ದಿನ, ನರ್ಸಮ್ಮ ಏನನ್ನುತ್ತಾರೆ, ಯಾವುದೂ ಗೊತ್ತಿಲ್ಲ. ನಿನ್ನನ್ನು ಒಂದು ಮಾತು ಕೇಳಿ ಕರೆತರಬೇಕಿತ್ತು, ಅದಕ್ಕೆ ಸಮಯವಿಲ್ಲ. ಸೈಕಲ್ ಅಂಗಡಿಯವರು ನಿಮ್ಮ ಕಡೆ ಸಾಮಾನು ತರಲು ಹೊರಟಿದ್ದಾರೆ, ಈ ಕಾಗದ ಅವರ ಕೈಯಲ್ಲಿ ನಮಗಿಂತ ಮೊದಲು ಬರುತ್ತದೆ.

ನಾಳೆ ಮಧ್ಯಾಹ್ನದ ಬಸ್ಸಿಗೆ ಮೂವರು ಬರುತ್ತಿದ್ದೇವೆ. ಇಷ್ಟು ಚಿಕ್ಕ ಮನೆಯಲ್ಲಿ ಇಷ್ಟು ಜನವೇ ಎಂದು ನೀನು ಅಂದುಕೊಳ್ಳುತ್ತೀಯ. ಧಾರಾಳವಾಗಿ ಅಂದುಕೋ. ಈ ಸಲ ಅದನ್ನು ಕೇಳಿಸಿಕೊಳ್ಳುವವಳು ನಾನೊಬ್ಬಳೇ ಅಲ್ಲ.

ನಿನ್ನ,
ಮರಿ